ಬೂದು ಗೋಡೆಯ ವಿಚಾರಕ್ಕೆ ದೊಡ್ಡಮ್ಮನ ಉತ್ತರ

ಪುಟ್ಟೀ, ನಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ರಾತ್ರಿಯೇ ನೋಡಿದೆ. ಕಣ್ಣಿಗೆ ಹನಿ ಹಾಕಿಕೊಂಡಿದ್ದೆ, ಬರೆಯಲು ಆಗಲಿಲ್ಲ. ಅದಕ್ಕೇ ಈಗ ಬಾಯಲ್ಲೇ ಹೇಳುತ್ತಿದ್ದೇನೆ, ಉದ್ದವಾಯಿತು ಎಂದು ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ. ನಿನ್ನ ಮಗ ತನ್ನ ಕೋಣೆಯ ನಾಲ್ಕೂ ಗೋಡೆಗೆ ಕಡು ಬೂದು ಬಣ್ಣವೇ ಬೇಕು ಎಂದು ಹಟ ಹಿಡಿದಿದ್ದಾನೆ, ಪಕ್ಕದ ಫ್ಲ್ಯಾಟಿನವರು ‘ಹತ್ತನೇ ತರಗತಿಯ ಹುಡುಗ, ಖಿನ್ನತೆ ಬಂದೀತು’ ಎಂದು ಹೆದರಿಸಿದ್ದಾರೆ, ಸೋಮವಾರ ಪೇಂಟರ್ ಬರುತ್ತಾನೆ, ಅಲ್ಲವೇ? ಗೋಡೆಯ ಬಣ್ಣವೊಂದರಿಂದಲೇ ಯಾರೂ ಕಾಯಿಲೆ ಬೀಳುವುದಿಲ್ಲ, ಆ ಹೆದರಿಕೆ ಬಿಡು. ಆದರೆ ಅಂಗೈ ಅಗಲದ ಶೇಡ್ ಕಾರ್ಡ್ ನೋಡಿ ನಾಲ್ಕು ಗೋಡೆಗೆ ಬಣ್ಣ ಬಳಿಸಬೇಡ. ನಾನು ಬಳಿಸಿ ಅನುಭವಿಸಿದವಳು.

ಬಳ್ಳಾರಿಯ ಕ್ವಾರ್ಟರ್ಸ್ ಗೊತ್ತಲ್ಲ. 1987, ನೀನು ಆಗ ಎರಡು ವರ್ಷದ ಕೂಸು. ಸಾಗರದ ಮಳೆಯಲ್ಲಿ ಬೆಳೆದ ನಾನು ಆ ಬಿಸಿಲಿಗೆ ಹೋಗಿ ಬಿದ್ದಿದ್ದೆ. ತವರಿನ ನೆನಪು ಎಷ್ಟು ಕಾಡುತ್ತಿತ್ತೆಂದರೆ, ಮಲಗುವ ಕೋಣೆಗಾದರೂ ನಮ್ಮ ಮನೆಯ ಕೆಮ್ಮಣ್ಣಿನ ಬಣ್ಣ ಇರಲಿ ಎಂದು ಅಂಗಡಿಯಲ್ಲಿ ಕಾರ್ಡ್ ನೋಡಿ ಇಟ್ಟಿಗೆ ಕೆಂಪಿನ ಡಿಸ್ಟೆಂಪರ್ ಆರಿಸಿದೆ. ನಿಮ್ಮ ದೊಡ್ಡಪ್ಪ ಬೇಡ ಎಂದರು, ಕೇಳಲಿಲ್ಲ. ಬೆಳಿಗ್ಗೆ ಬಣ್ಣ ಒಣಗಿದಾಗ ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಮೂರೂವರೆಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬಂತು ನೋಡು, ಕೋಣೆ ಕೆಂಡದ ಒಲೆಯಾಯಿತು. ಒಂದು ಗೋಡೆಯ ಕೆಂಪು ಎದುರು ಗೋಡೆಗೆ ಬೀಳುತ್ತದೆ, ಅದರದ್ದು ಇದಕ್ಕೆ ಬೀಳುತ್ತದೆ, ಕಾರ್ಡಿನಲ್ಲಿ ಇಟ್ಟಿಗೆಯ ಹಾಗೆ ಸಾಧುವಾಗಿದ್ದದ್ದು ಗೋಡೆಗೆ ಏರಿದ ಮೇಲೆ ದುಪ್ಪಟ್ಟು ಉರಿಯುತ್ತದೆ. ಬಿಳಿ ಹಾಸಿಗೆ ಹೊದಿಕೆಯೂ ಕೆಂಪು, ತಟ್ಟೆಯ ಮೊಸರನ್ನವೂ ಕೆಂಪು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನಗೆ ಆಗ ರಾತ್ರಿ ಪಾಳಿ, ಮಲಗುವುದೇ ಹಗಲು. ಆಪರೇಷನ್ ಥಿಯೇಟರ್‌ನಲ್ಲಿ ಪರದೆ, ಗೌನು ಎಲ್ಲ ಹಸಿರು ಏಕೆ ಗೊತ್ತೇ? ಗಂಟೆಗಟ್ಟಲೆ ರಕ್ತವನ್ನೇ ನೋಡಿ ತಲೆ ಎತ್ತಿ ಬಿಳಿ ಬಟ್ಟೆ ನೋಡಿದರೆ ಕಣ್ಣ ಮುಂದೆ ಹಸಿರು ಕಲೆಗಳು ತೇಲುತ್ತವೆ. ಬಟ್ಟೆಯೇ ಹಸಿರಾಗಿದ್ದರೆ ಆ ಕಲೆ ಅದರಲ್ಲೇ ಕರಗುತ್ತದೆ, ಕಣ್ಣಿಗೂ ವಿಶ್ರಾಂತಿ. ಆ ಹಸಿರಿನಿಂದ ಹೊರಟು ನಾನು ಈ ಕೆಂಪಿಗೆ ಬಂದು ಮಲಗುತ್ತಿದ್ದೆ! ಎದ್ದರೆ ತಲೆ ಸಿಡಿತ. ಉಪ್ಪು ಹೆಚ್ಚಾಯಿತು ಎಂಬುದಕ್ಕೂ ದೊಡ್ಡಪ್ಪನೊಡನೆ ಜಗಳ. ಕೊನೆಗೆ ನಮ್ಮ ಮೇಟ್ರನ್, ನರ್ಸ್‌ಗಳ ಮೇಲ್ವಿಚಾರಕಿ, ಒಂದು ದಿನ ಬಂದವರು ಬಾಗಿಲಲ್ಲೇ ನಿಂತು, “ಸಿಸ್ಟರ್, ಹೊಟ್ಟೆ ಸೀಳಿ ಒಳಗೆ ಕುಳಿತ ಹಾಗಿದೆ” ಎಂದರು. ಆ ಮಾತು ಕೇಳಿದ ಮೇಲೆ ಅಲ್ಲಿ ಊಟ ಸೇರಲಿಲ್ಲ. ಕೆರೆಸಿ ಎರಡು ಕೋಟ್ ಬಿಳಿ ಹೊಡೆಸಿದರೂ ಒಳಗಿನ ಕೆಂಪು ಗುಲಾಬಿಯಾಗಿ ಇಣುಕುತ್ತಿತ್ತು.

ಗುಲಾಬಿ ಎಂದರೆ ನೆನಪಾಯಿತು. ಗುಲಾಬಿ ಬಳಿಸಿದರೆ ಹುಡುಗರ ಸಿಟ್ಟು ಇಳಿಯುತ್ತದೆ ಎಂದು ಅಳಿಯಂದಿರು ವೀಡಿಯೊ ಹಾಕಿದ್ದಾರಲ್ಲ, ಅದನ್ನು ನಂಬಬೇಡ. ಮೊಮ್ಮಗಳು ಓದಿ ಹೇಳಿದಳು, 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಸೆರೆಕೋಣೆಗೆ ಅಂಥ ಗುಲಾಬಿ ಹೊಡೆಸಿ ಕೈದಿಗಳು ಶಾಂತರಾದರು ಎಂದರಂತೆ. ಆಮೇಲೆ ಬೇರೆಯವರು ಸರಿಯಾಗಿ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ.

ಅದೇ ಕೆಂಪು ನಮ್ಮ ಸಾಗರದ ಮನೆಯಲ್ಲಿ ಎಷ್ಟು ಹಿತವಾಗಿತ್ತು! ಸಣ್ಣ ಕಿಟಕಿ, ಆಷಾಢದಲ್ಲಿ ಹಗಲೂ ಕತ್ತಲೆ, ಒಲೆಯ ಬೆಳಕಿಗೆ ಕೆಮ್ಮಣ್ಣಿನ ಗೋಡೆ ಕಂಬಳಿ ಹೊದ್ದಷ್ಟು ಬೆಚ್ಚಗೆ. ಅದರ ಮೇಲೆ ಅಮ್ಮ ಪುಂಡಿ ನಾರಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಎಳೆದ ಹಸೆಗೋಡೆ ಚಿತ್ತಾರ, ಮದುವೆಗೆಂದು ಗೋಡೆಯ ಮೇಲೆ ಬರೆಯುವುದು. ಬಿಳಿಗೆ ಅಕ್ಕಿ ಅರೆಯುತ್ತಿದ್ದಳು, ಕಪ್ಪಿಗೆ ಅದೇ ಅಕ್ಕಿಯನ್ನು ಕರಕಲಾಗುವಷ್ಟು ಹುರಿಯುತ್ತಿದ್ದಳು, ಹಳದಿಗೆ ಗುರಿಗೆ ಕಾಯಿ. ಆ ಗೋಡೆ ಈಗ ಏನಾಗಿದೆ ಕೇಳಿ. ಮಗಳ ಮದುವೆಗೆಂದು ನಿನ್ನ ಸೋದರಮಾವ ಅದಕ್ಕೆ ವಾಲ್‌ಪುಟ್ಟಿ ಹಾಕಿಸಿ ಹೊಳೆಯುವ ಬಿಳಿ ಪೇಂಟ್ ಹೊಡೆಸಿದ. ನನಗೆ ಒಂದು ಫೋನ್ ಇಲ್ಲ. ಶಾಸ್ತ್ರಕ್ಕೆ ಚಿತ್ತಾರ ಬೇಕಲ್ಲ, ಅದನ್ನು ಫ್ಲೆಕ್ಸ್‌ನಲ್ಲಿ ಮುದ್ರಿಸಿ ಮೊಳೆ ಹೊಡೆದು ತೂಗುಹಾಕಿದ್ದಾನೆ! ಫ್ಯಾನ್ ಹಾಕಿದರೆ ಪಟಪಟ ಬಡಿದುಕೊಳ್ಳುತ್ತದೆ. ಮದುಮಗಳು ಅದರ ಮುಂದೆ ಕುಳಿತಿದ್ದಳು, ನಾನು ಹಿಂದಿನ ಸಾಲಿನಲ್ಲಿ ಸುಮ್ಮನೆ ಅಕ್ಷತೆ ಹಿಡಿದು ನಿಂತಿದ್ದೆ. ತಮ್ಮಾ, ನೀನೂ ಈ ಗುಂಪಿನಲ್ಲಿ ಇದ್ದೀಯೆ, ಕೇಳಿಸಿಕೋ. ಮೂವರು ಅಕ್ಕಂದಿರಲ್ಲಿ ಒಬ್ಬಳನ್ನಾದರೂ ಕೇಳಬಾರದಿತ್ತೇ? ಮಣ್ಣಿನ ಗೋಡೆ ಉದುರುತ್ತದೆ, ಸೀರೆಗೆ ಅಂಟುತ್ತದೆ ಎಂದು ನಿನ್ನ ಹೆಂಡತಿ ಹೇಳಿದಳು. ಅಮ್ಮನ ಸೀರೆಗೂ ಅಂಟುತ್ತಿತ್ತು.

ಇರಲಿ. ಏನು ಕೇಳಿದ್ದೆ ನೀನು? ಹಾಂ, ಬೂದು. ನೋಡು, ಮತ್ತೆ ಹೇಳುತ್ತೇನೆ, ಕಾರ್ಡ್ ನೋಡಿ ಬಳಿಸಬೇಡ. ನಿನ್ನ ಮಗನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ನಾನು ಬಂದಾಗ ಹಗಲಲ್ಲೂ ಲೈಟ್ ಹಾಕಿಯೇ ಸೂಜಿಗೆ ದಾರ ಪೋಣಿಸಿದೆ. ಇರುವಷ್ಟು ಬೆಳಕನ್ನೂ ಆ ಕಡು ಬೂದು ನುಂಗಿಬಿಡುತ್ತದೆ. ಹಾಗೆಂದು ಪೂರ್ತಿ ಬೇಡ ಎನ್ನಬೇಡ, ಅವನ ಕೋಣೆ ಅದು, ಹದಿನೈದು ವರ್ಷದ ಹುಡುಗನಿಗೆ ಬೇಡ ಎಂದರೆ ಇನ್ನೂ ಕಪ್ಪು ಕೇಳುತ್ತಾನೆ. ಅವನ ಬಣ್ಣದ್ದೇ ಚಿಕ್ಕ ಡಬ್ಬಿ ತಂದು ಎರಡು ಅಡಿ ಚೌಕದ ರಟ್ಟಿಗೆ ಎರಡು ಕೋಟ್ ಬಳಿ, ಒಣಗಿದ ಮೇಲೆ ಒಂದೊಂದು ಗೋಡೆಗೂ ಆನಿಸಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ಅವನಿಗೇ ತೋರಿಸು. ಮಂಚದ ತಲೆಯ ಕಡೆಯ ಗೋಡೆಗೆ ಮಾತ್ರ ಬೂದು ಕೊಡು, ಮಲಗಿದರೆ ಕಾಣುವುದಿಲ್ಲ. ಓದುವ ಮೇಜಿನ ಎದುರಿನದಕ್ಕೂ ಉಳಿದವಕ್ಕೂ ಸ್ವಲ್ಪ ಕೆನೆಯಂಥ ಬಿಳಿ. ಮತ್ತೆ ಆ ನೀಲಿಬಿಳಿ ಟ್ಯೂಬ್‌ಲೈಟ್, ಡಬ್ಬಿಯ ಮೇಲೆ 6500ಕೆ ಎಂದು ಇರುತ್ತದಲ್ಲ, ಬೂದಿನ ಮೇಲೆ ಅದು ಬಿದ್ದರೆ ಶವಾಗಾರದ ಕಳೆ. ರಾತ್ರಿ ಅಂಥ ಬೆಳಕು ನಿದ್ದೆಯನ್ನೂ ದೂಡುತ್ತದೆ. ಮಲಗುವ ಮುಂಚೆ ಹಾಕಿಕೊಳ್ಳಲು 2700 ಅಥವಾ 3000 ಎಂದಿರುವ ಹಳದಿ ಬಲ್ಬ್ ಒಂದು ಹಾಕಿಸು.

ಪೇಂಟರಿಗೆ ಸೋಮವಾರ ಬೇಡ, ಗುರುವಾರ ಬಾ ಎಂದು ಇವತ್ತೇ ಫೋನ್ ಮಾಡು. ಕುಕ್ಕರ್ ಕೂಗುತ್ತಿದೆ, ಇಡುತ್ತೇನೆ. ತಮ್ಮಾ, ಆ ಫ್ಲೆಕ್ಸ್ ತೆಗೆದೆಯಾ, ಇನ್ನೂ ಅಲ್ಲೇ ಇದೆಯಾ?