ಸುಮಾ, ಆ ಕಾರ್ಬನ್ ಪೇಪರ್ ತೆಗೆದಿಡು

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಆಗಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪುಟ್ಟಿ ರಾಜ್ಯೋತ್ಸವಕ್ಕೆ ಕಿತ್ತೂರು ಚೆನ್ನಮ್ಮನ ಪಾತ್ರ ಮಾಡುತ್ತಾಳಂತೆ, ಬಹಳ ಸಂತೋಷ ಆಯಿತವ್ವ. ಆದರೆ ಅವಳ ಇಳಕಲ್ ಸೀರೆಯ ಸೆರಗಿನ ಹತ್ತಿರ ಕಸೂತಿಯಲ್ಲಿ ಕಮಲದ ಹೂ ಹಾಕಲು ಕಾರ್ಬನ್ ಇಟ್ಟು ಬರೆದುಕೊಳ್ಳಲಾ, ಆಮೇಲೆ ಗೆರೆ ಹೋಗುತ್ತದಾ ಅಂತ ಕೇಳಿದೀಯಲ್ಲ. ಬೇಡ. ಕಾರ್ಬನ್ ಮುಟ್ಟಲೇಬೇಡ.

ನಿಮ್ಮವ್ವನ ಕಪ್ಪು ಇಳಕಲ್ ನಿನಗೆ ಗೊತ್ತಲ್ಲ, ಟ್ರಂಕಿನ ತಳದಲ್ಲಿ ಇರುತ್ತಿತ್ತು. ಅಕ್ಕನೂ ಕಾಲೇಜಿನಲ್ಲಿ ಚೆನ್ನಮ್ಮ ಆದವಳೇ. ದಿನ ಕಡಿಮೆ ಅಂತ ಕಸೂತಿಯನ್ನು ಹೊರಗೆ ಕೊಟ್ಟರು. ಹಾಕಿದವರು ಹಳದಿ ಕಾರ್ಬನ್ ಇಟ್ಟು ಹೂ ಬರೆದು, ಎಳೆ ಎಣಿಸದೆ ಹೊಲಿದು ಕೊಟ್ಟರು. ಗೆರೆ ಒಂದು ಕಡೆ, ದಾರ ಇನ್ನೊಂದು ಕಡೆ. ಪ್ರತಿ ದಳದ ಸುತ್ತ ಹಳದಿ ಎದ್ದು ಕಾಣುತ್ತಿತ್ತು. ತಿಕ್ಕಿದರೂ ಹೋಗಲಿಲ್ಲ. ನಿಮ್ಮಜ್ಜಿ ಸಾಬೂನು ಹಚ್ಚಿ ನೆನೆ ಹಾಕಿದರು. ಗೆರೆ ಅಲ್ಲೇ ಉಳಿಯಿತು, ಕೆಂಪು ದಾರ ಬಣ್ಣ ಬಿಟ್ಟಿತು. ಬಿಳಿ ದಳಗಳ ಮೇಲೆಲ್ಲ ಕೆಂಪು ಮಚ್ಚೆ. ಅಕ್ಕ ಸೆರಗು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ವೇದಿಕೆ ಹತ್ತಿದಳು. ಚೆನ್ನಮ್ಮನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಎದುರು ನಿಂತು ಅಷ್ಟು ಜೋರಾಗಿ ಮಾತಾಡುವಾಗಲೂ ಒಂದು ಕೈ ಸೆರಗಿನ ಮೇಲೇ ಇತ್ತು.

ಅದಕ್ಕೇ ಮತ್ತೆ ಹೇಳುತ್ತೇನೆ, ಕಾರ್ಬನ್ ಬೇಡ. ಪೆನ್ಸಿಲ್ಲೂ ಬೇಡ. ಕಸೂತಿಗೆ ಬರೆದುಕೊಳ್ಳುವುದೇ ಇಲ್ಲ, ಎಳೆ ಎಣಿಸಿ ಹಾಕುವುದು. ಗವಂತಿ ಅನ್ನುವ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಬೇಕು, ಬರುವಾಗ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವ ಹಾಗಿಲ್ಲ. ಹಿಂದೆ ಮುಂದೆ ಒಂದೇ ಥರ ಬರುತ್ತದೆ. ನಿಮ್ಮಜ್ಜಿ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಸೂಜಿ ಹಿಡಿದ ಕೈ ಎತ್ತಿ ತೋರಿಸುತ್ತಿದ್ದರು, ಅಷ್ಟೇ, ಮನೆಯೆಲ್ಲ ಗಪ್‌ಚಿಪ್.

ಈಗ ಎಲ್ಲಿದೆ ಅದು? ಮೊನ್ನೆ ಮದುವೆ ಜವಳಿಗೆ ಹೋದಾಗ ಅಂಗಡಿಯವರು ಕೈ ಕಸೂತಿ ಅಂತಲೇ ಕೊಟ್ಟರು. ಮನೆಗೆ ಬಂದು ಸೆರಗು ತಿರುಗಿಸಿದರೆ ಹಿಂದೆ ಬರೀ ದಾರದ ಗೋಜಲು. ಮಿಷಿನ್ ಕೆಲಸ. ಕೇಳಿದರೆ, ಹಿಂದೆ ಯಾರು ನೋಡುತ್ತಾರೆ ಅಮ್ಮಾ ಅಂತಾರೆ. ಕಸೂತಿಗೆ ಜಿಐ ಟ್ಯಾಗ್ ಇದೆ, ಇದು ಈ ಸೀಮೆಯದ್ದೇ ಅನ್ನುವ ಸರ್ಕಾರದ ಗುರುತು, ಆದರೂ ಹೀಗೆ. ಕೈಯಲ್ಲಿ ಹಾಕುವ ಹೆಣ್ಣುಮಕ್ಕಳು ಒಂದು ಸೀರೆಗೆ ತಿಂಗಳುಗಟ್ಟಲೆ ಕಣ್ಣು ಸವೆಸುತ್ತಾರೆ, ಅವರಿಗೆ ಸಿಗುವ ಕೂಲಿ ಎಷ್ಟು ಕಡಿಮೆ ಅಂತ ಕೇಳಿದರೆ ಹೊಟ್ಟೆ ಉರಿಯುತ್ತದೆ. ಹೊರಗಿನವರು ಹೋಗಲಿ, ನಮ್ಮವರೇ ನೋಡು. ಕಲಿಸುತ್ತೇನೆ ಬನ್ನಿ ಅಂತ ಇದೇ ಗ್ರೂಪಿನಲ್ಲಿ ಎಷ್ಟು ಸಲ ಹೇಳಿದ್ದೇನೆ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕುತ್ತಾರೆ, ಒಬ್ಬರೂ ಬರುವುದಿಲ್ಲ. ಹೇಮಾ, ವಿಜಯಾ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಹಾಂ, ಸುಮಾ, ನೀನು ಹೂ ಹೇಗೆ ಹಾಕಲಿ ಅಂತ ಕೇಳಿದ್ದು ಅಲ್ವಾ. ಇಳಕಲ್ಲಿನ ಎಳೆ ಸಣ್ಣ, ನಿನಗೆ ಎಣಿಸಲು ಸಿಗುವುದಿಲ್ಲ. ಚೌಕ ಚೌಕವಾಗಿ ತೂತು ಕಾಣುವ ಮ್ಯಾಟಿ ಬಟ್ಟೆಯ ತುಂಡನ್ನು ಸೀರೆಯ ಮೇಲಿಟ್ಟು ಸುತ್ತ ಕಚ್ಚಾ ಹೊಲಿಗೆ ಹಾಕು. ಅದರ ಚೌಕ ಎಣಿಸುತ್ತಾ ಎರಡೂ ಬಟ್ಟೆ ಸೇರಿಸಿ ಕಮಲ ಹಾಕು. ಸೂಜಿ ಮ್ಯಾಟಿಯ ತೂತಿನಲ್ಲೇ ಇಳಿಯಬೇಕು, ಎಳೆಗೆ ಚುಚ್ಚಿದರೆ ಆಮೇಲೆ ಬಿಡಿಸಲು ಬರುವುದಿಲ್ಲ. ಮುಗಿದ ಮೇಲೆ ಮ್ಯಾಟಿಯ ಎಳೆ ಒಂದೊಂದಾಗಿ ಎಳೆದು ತೆಗಿ, ಸೀರೆ ಮೇಲೆ ಹೂ ಮಾತ್ರ ಉಳಿಯುತ್ತದೆ. ಗವಂತಿ, ಮತ್ತೆ ಮೆಟ್ಟಿಲಿನ ಹಾಗೆ ಹೋಗುವ ಮುರಗಿ ಹೊಲಿಗೆ, ಎರಡೇ ಸಾಕು. ಗುಣಿಸುವ ಗುರುತಿನ ಹಾಗೆ ಅಡ್ಡ ದಾಟಿಸುವ ಮೆಂತೆ ಹೊಲಿಗೆ ಹಾಕಲು ಹೋಗಬೇಡ, ದಾರವೂ ಜಾಸ್ತಿ, ಹೊತ್ತೂ ಜಾಸ್ತಿ. ಶುರು ಮಾಡುವ ಮುಂಚೆ ಕೆಂಪು ದಾರ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡು, ಬಣ್ಣ ಹತ್ತಿದರೆ ಅಂಗಡಿಗೆ ವಾಪಸ್ ಕೊಡು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಹೊಲಿಸು, ಅದರ ಮೇಲೆ ಏನೂ ಹಾಕಬೇಡ.

ಮ್ಯಾಟಿ ನನ್ನ ಹತ್ತಿರ ಇದೆ. ನಿಮ್ಮ ಯಜಮಾನರು ಶನಿವಾರ ಧಾರವಾಡಕ್ಕೆ ಬರುತ್ತಾರಲ್ಲ, ಮನೆಗೆ ಬಂದು ತಗೊಂಡು ಹೋಗಲು ಹೇಳು.