‘ಹೋಟೆಲ್ ಮುಂಬೈ’ ನೋಡಿದವರು ಹೇಳಿ, ನಿಮಗೇನನಿಸಿತು?

ಸೆಕೆಂಡ್ ಶೋ (ಪ್ರಶ್ನೆ):
ನಿನ್ನೆ ರಾತ್ರಿ ‘ಹೋಟೆಲ್ ಮುಂಬೈ’ ನೋಡಿದೆ, 2008ರ ನವೆಂಬರ್ 26ರಂದು ಮುಂಬೈ ಮೇಲೆ ಉಗ್ರರು ದಾಳಿ ಮಾಡಿದಾಗ ತಾಜ್ ಹೋಟೆಲಿನೊಳಗೆ ನಡೆದದ್ದರ ಸಿನಿಮಾ. 2019ರಲ್ಲಿ ನಮ್ಮ ಥಿಯೇಟರಿಗೆ ಬಂದಾಗ ನೋಡುವ ಮನಸ್ಸಾಗಿರಲಿಲ್ಲ. ಸಿನಿಮಾ ಅಂತ ನೋಡಿದರೆ ಹಿಡಿದು ಕೂರಿಸುತ್ತದೆ, ಮಧ್ಯದಲ್ಲಿ ಎದ್ದು ನೀರು ಕುಡಿಯಲೂ ಆಗಲಿಲ್ಲ. ಆದರೆ ಮುಗಿದ ಮೇಲೆ ಏನೋ ಕಸಿವಿಸಿ. ಆಯಾ ಮಗುವನ್ನು ಎತ್ತಿಕೊಂಡು ಬಚ್ಚಿಟ್ಟುಕೊಳ್ಳುತ್ತಾಳಲ್ಲ, ಮಗು ಅತ್ತರೆ ಬಂದೂಕು ಹಿಡಿದವನಿಗೆ ಕೇಳಿಸಿಬಿಡುತ್ತದೆ ಅಂತ ನಾನೂ ಉಸಿರು ಬಿಗಿ ಹಿಡಿದು ಕೂತಿದ್ದೆ. ಆಮೇಲೆ ನೋಡಿದರೆ ಆ ಮಗು, ಅದರ ಅಪ್ಪ ಅಮ್ಮ ಎಲ್ಲ ಕಟ್ಟಿದ ಪಾತ್ರಗಳು. ಅಲ್ಲಿ ನಿಜವಾಗಿ ಸತ್ತವರು ಬೇರೆ ಜನ. 166 ಜೀವ ಹೋದ ಘಟನೆ ಇದು. ಅದನ್ನಿಟ್ಟುಕೊಂಡು ‘ಮುಂದೇನಾಗುತ್ತೋ’ ಅನ್ನುವ ಥ್ರಿಲ್ಲರ್ ಮಾಡುವುದು ಸರಿಯಾ? ಯಾವುದು ನಡೆದದ್ದು, ಯಾವುದು ಸೇರಿಸಿದ್ದು, ಗೊತ್ತಿದ್ದವರು ಹೇಳಿ.

ಕುಂದಾಪ್ರದವ:
ನಾನು ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿದವನು. ಅಷ್ಟು ದೊಡ್ಡ ಹೋಟೆಲಲ್ಲ, ಸಣ್ಣದು. ಹಾಗಾಗಿ ನಾನು ಈ ಸಿನಿಮಾ ನೋಡಿದ್ದು ವೇಟರ್ ಕಣ್ಣಿಂದ. ಶುರುವಿನಲ್ಲೇ ದೇವ್ ಪಟೇಲ್ ಶೂ ಕಳಕೊಂಡು ಚಪ್ಪಲಿಯಲ್ಲಿ ಡ್ಯೂಟಿಗೆ ಬರುತ್ತಾನೆ, ಶೆಫ್ ಮನೆಗೆ ಹೋಗು ಅನ್ನುತ್ತಾರೆ, ಅವನು ಕೈಮುಗಿಯದೇ ಬಾಕಿ. ಹೆಂಡತಿ ಬಸುರಿ, ಒಂದು ದಿನದ ಸಂಬಳ ಹೋದರೆ ಕಷ್ಟ. ಆ ಹೆದರಿಕೆ ಇದೆಯಲ್ಲ, ಅದು ನೂರಕ್ಕೆ ನೂರು ನಿಜ. ಕೊನೆಗೆ ಸಿಕ್ಕಿದ ಶೂ ಅಳತೆಗೆ ಸರಿ ಇಲ್ಲ, ಅದರಲ್ಲೇ ಓಡಾಡುತ್ತಾನೆ. ಗುಂಡು ಹಾರುವ ಮೊದಲೇ ನನಗೆ ಅವನ ಬಗ್ಗೆ ಚಿಂತೆ ಶುರುವಾಗಿತ್ತು.

ಅರ್ಜುನ್ ಅನ್ನುವ ಆ ವೇಟರ್ ಹಲವರನ್ನು ಸೇರಿಸಿ ಮಾಡಿದ ಪಾತ್ರ. ಅನುಪಮ್ ಖೇರ್ ಮಾಡಿರುವ ಹೇಮಂತ್ ಒಬೆರಾಯ್ ಮಾತ್ರ ನಿಜವಾದ ವ್ಯಕ್ತಿ, ಆಗ ತಾಜ್‌ನ ಮುಖ್ಯ ಶೆಫ್. ಅವರ ಅಡುಗೆಮನೆಯವರು ಅತಿಥಿಗಳನ್ನು ಹೋಟೆಲ್ ಒಳಗಿನ ಚೇಂಬರ್ಸ್ ಅನ್ನುವ ಕ್ಲಬ್ಬಿಗೆ ಕರಕೊಂಡು ಹೋಗಿದ್ದು, ಹಿಂಬಾಗಿಲಿಂದ ಸಾಗಿಸಿದ್ದು, ಆ ಪ್ರಯತ್ನದಲ್ಲಿ ಹಲವು ಶೆಫ್‌ಗಳು ಸತ್ತಿದ್ದು ಎಲ್ಲ ನಡೆದದ್ದೇ. ಅತಿಥಿಗೆ ಲಿಫ್ಟ್ ಗೊತ್ತು, ಲಾಬಿ ಗೊತ್ತು, ಅಷ್ಟೇ. ಸರ್ವಿಸ್ ಮೆಟ್ಟಿಲು ಎಲ್ಲಿ, ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಅನ್ನೋದು ತಟ್ಟೆ ಹೊತ್ತವನಿಗೇ ಗೊತ್ತಿರೋದು. ಅವರಿಗೆ ಹೊರಗೆ ಹೋಗುವ ದಾರಿ ಗೊತ್ತಿತ್ತು. ಗೊತ್ತಿದ್ದೂ ಉಳಿದರು. ಇದನ್ನು ಡಾಕ್ಯುಮೆಂಟರಿಯಲ್ಲಿ ಹೇಳಿದ್ದರೆ ಎಷ್ಟು ಜನ ನೋಡುತ್ತಿದ್ದರು? ಥ್ರಿಲ್ಲರ್ ಆದ್ದರಿಂದಲೇ ಜಗತ್ತಿಗೆ ಮುಟ್ಟಿತು. ನನಗೇನೂ ತಪ್ಪು ಕಾಣಲಿಲ್ಲ.

ಡೊಂಬಿವಲಿ ಕನ್ನಡತಿ:
ಕುಂದಾಪ್ರದವರ ಮಾತು ಒಪ್ಪುತ್ತೇನೆ, ಆದರೆ ನನ್ನ ಸಿಟ್ಟು ಬೇರೆ. ಸಿನಿಮಾದ ಹೆಸರಲ್ಲಿ ಮುಂಬೈ ಇದೆ, ಸಿನಿಮಾದಲ್ಲಿ ಮುಂಬೈ ಎಲ್ಲಿ? ಸಿಎಸ್‌ಟಿ ಸ್ಟೇಷನ್ ಒಂದರಲ್ಲೇ 58 ಜನ ಸತ್ತರು. ಊರಿಗೆ ಹೋಗುವ ಗಾಡಿಗೆ ಕಾಯುತ್ತಾ ಗಂಟುಮೂಟೆ ಪಕ್ಕ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದ ಬಡವರು. ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಅದೇ ಹೋಟೆಲಿನ ದೊಡ್ಡ ರೂಮಿನ ವಿದೇಶಿ ದಂಪತಿಗೆ, ಆ ಮಗುವಿನ ಅಪ್ಪ ಅಮ್ಮನಿಗೆ, ಅರ್ಧ ಸಿನಿಮಾ. ಅಂದು ಸ್ಟೇಷನ್ನಿನ ಅನೌನ್ಸರ್ ತನ್ನ ಕ್ಯಾಬಿನ್ನಿನಿಂದಲೇ ಮೈಕ್‌ನಲ್ಲಿ ಕೂಗಿ ಕೂಗಿ ಜನರನ್ನು ಹಿಂದಿನ ಗೇಟಿನ ಕಡೆ ಕಳಿಸಿದರು. ಕಾಮಾ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ 20 ಗರ್ಭಿಣಿಯರನ್ನು ಪ್ಯಾಂಟ್ರಿಗೆ ಸೇರಿಸಿ, ಬಾಗಿಲು ಹಾಕಿ, ದೀಪ ಆರಿಸಿ ರಾತ್ರಿಯಿಡೀ ಕಾದರು. ಗಿರ್ಗಾಂವ್ ಚೌಪಾಟಿಯಲ್ಲಿ ಪೊಲೀಸ್ ತುಕಾರಾಂ ಓಂಬ್ಳೆ ಕೈಯಲ್ಲಿದ್ದದ್ದು ಬರೀ ಲಾಠಿ. ದಾಳಿಕೋರರಲ್ಲಿ ಒಬ್ಬನಾದ ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದು, ಗುಂಡುಗಳನ್ನೆಲ್ಲ ಮೈಮೇಲೆ ಹಾಕಿಕೊಂಡರು. ಅವನು ಜೀವಂತ ಸಿಕ್ಕಿದ್ದು ಅದರಿಂದ. ಇದಕ್ಕಿಂತ ಥ್ರಿಲ್ಲರ್ ಬೇಕಾ?

ಒಂದೇ ಹೋಟೆಲಿನ ಕಥೆ ಅಂತ ನೀವು ಹೇಳಬಹುದು. ಸರಿ, ಹೋಟೆಲಿನದೇ ಹೇಳಲಿ. ಆಗ ತಾಜ್‌ನ ಮ್ಯಾನೇಜರ್ ಆಗಿದ್ದ ಕರಂಬೀರ್ ಕಾಂಗ್ ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು ಅದೇ ಕಟ್ಟಡದಲ್ಲಿ ತೀರಿಹೋದರು, ಆ ಮನುಷ್ಯ ಬೇರೆಯವರನ್ನು ಉಳಿಸುತ್ತಾ ನಿಂತಿದ್ದರು. ಅವರ ಕಥೆಯೂ ಇಲ್ಲ. ಇಷ್ಟೆಲ್ಲ ನಿಜ ಕೈಯಲ್ಲಿದ್ದಾಗ ಕಟ್ಟಿದ ದಂಪತಿ ಯಾಕೆ ಬೇಕಿತ್ತು ಅನ್ನೋದೇ ನನ್ನ ಪ್ರಶ್ನೆ.

ಮಲೆನಾಡ ಮಳೆ:
ನನಗೆ ಇಡೀ ಸಿನಿಮಾದಲ್ಲಿ ಹೆಚ್ಚು ಹೆದರಿಕೆ ಆಗಿದ್ದು ದಾಳಿಕೋರರಿಗೆ ಆಜ್ಞೆ ಕೊಡುವ ಫೋನಿನ ದನಿಯಿಂದ. ಆ ಮನುಷ್ಯನ ಮುಖ ಕಾಣಿಸಲ್ಲ. ಎಲ್ಲೋ ಕೂತು, ಮೆಲ್ಲಗೆ, ಮಕ್ಕಳಿಗೆ ಪಾಠ ಹೇಳಿದ ಹಾಗೆ ಕೊಲ್ಲಲು ಹೇಳುತ್ತಾನೆ. ಇದು ಸಿನಿಮಾದವರ ಕಲ್ಪನೆ ಅಲ್ಲ. ಕರಾಚಿಯಿಂದ ಬರುತ್ತಿದ್ದ ಆ ಕರೆಗಳನ್ನು ನಮ್ಮವರು ರೆಕಾರ್ಡ್ ಮಾಡಿದ್ದರು, ಕೋರ್ಟಿನಲ್ಲಿ ಅದೇ ದೊಡ್ಡ ಸಾಕ್ಷಿ. ಅಲ್ಲಿ ಕೂತವರು ನಮ್ಮ ಟಿವಿ ಲೈವ್ ನೋಡಿಕೊಂಡೇ ಒಳಗಿದ್ದವರಿಗೆ ಸುದ್ದಿ ಕೊಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಲೈವ್ ಪ್ರಸಾರದ ಬಗ್ಗೆ ಚಾನೆಲ್‌ಗಳನ್ನು ತೀರಾ ಕಟುವಾಗಿ ಟೀಕಿಸಿತ್ತು. ಆ ಮೂರು ದಿನ ನಾವೆಲ್ಲ ಟಿವಿ ಮುಂದೆಯೇ ಇದ್ದೆವಲ್ವಾ, ಅದಕ್ಕೇ ಈ ಭಾಗ ನೋಡುವಾಗ ಮೈ ಉರಿಯಿತು.

ಇನ್ನೊಂದು ದೃಶ್ಯ, ದಾಳಿ ಮಾಡಿದ ಹುಡುಗರಲ್ಲಿ ಒಬ್ಬ ಅಪ್ಪನಿಗೆ ಫೋನ್ ಮಾಡಿ ದುಡ್ಡು ಬಂತಾ ಅಂತ ಕೇಳುತ್ತಾ ಅಳುತ್ತಾನೆ. ಕೊಂದವನ ಮೇಲೆ ಕನಿಕರ ಹುಟ್ಟಿಸಿದರು ಅಂತ ಕೆಲವರಿಗೆ ಕೋಪ. ನನಗೆ ಕನಿಕರ ಬರಲಿಲ್ಲ, ಆ ದನಿಯವನ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಯಲಹಂಕ ನ್ಯೂ ಟೌನ್:
ನನ್ನ ತಕರಾರು ಒಂದೇ. ಕೊನೆಯ ಭಾಗ ತುಂಬಾ ಅವಸರ. ದಾಳಿ ಶುರುವಾಗಿದ್ದು 26ರ ರಾತ್ರಿ, ತಾಜ್ ಪೂರ್ತಿ ಕೈಗೆ ಬಂದದ್ದು 29ರ ಬೆಳಿಗ್ಗೆ. ಸಿನಿಮಾ ನೋಡಿದರೆ ಒಂದೇ ರಾತ್ರಿಯಲ್ಲಿ ಮುಗಿಯಿತು ಅನಿಸುತ್ತದೆ, ಕಮಾಂಡೋಗಳು ಬಂದರು, ಆಯಿತು. ಆಗ ಮುಂಬೈಯಲ್ಲಿ ಎನ್‌ಎಸ್‌ಜಿ ಕಮಾಂಡೋ ಪಡೆ ಇರಲೇ ಇಲ್ಲ, ದಿಲ್ಲಿಯಿಂದ ಬರಬೇಕಿತ್ತು. ಅಲ್ಲಿಗೆ ಒಂದು ಘಟಕ ಕೊಟ್ಟದ್ದು 2009ರಲ್ಲಿ. ತಾಜ್ ಒಳಗೆ 28ರಂದು ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಲ್ಲೇ ಬೆಳೆದವರು, ನಮ್ಮಲ್ಲಿ ರಸ್ತೆಗೆ ಅವರ ಹೆಸರಿದೆ. ಗಾಯಗೊಂಡ ಜೊತೆಗಾರನನ್ನು ಹೊರಗೆ ಸಾಗಿಸಿ, ಮೇಲೆ ಬರಬೇಡಿ ನಾನು ನೋಡಿಕೊಳ್ಳುತ್ತೇನೆ ಅಂತ ಒಬ್ಬರೇ ಹೋದವರು. ಅವರ ಮೇಲೆ 2022ರಲ್ಲಿ ‘ಮೇಜರ್’ ಬಂತು, ಅಡಿವಿ ಶೇಷ್ ಮಾಡಿದ್ದು. ಅದರಲ್ಲಿ ಹೀರೋಗಿರಿ ಸ್ವಲ್ಪ ಜಾಸ್ತಿ, ಆದರೂ ಅಪ್ಪ ಅಮ್ಮನ ಭಾಗಕ್ಕಾಗಿ ನೋಡಿ.

ಸೆಕೆಂಡ್ ಶೋ:
ಎಲ್ಲರಿಗೂ ಥ್ಯಾಂಕ್ಸ್. ಡೊಂಬಿವಲಿ ಅಕ್ಕ, ಆ ನರ್ಸ್ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ಥ್ರಿಲ್ಲರ್ ಮಾಡಲಿ, ಆದರೆ ನಿಜವಾದವರನ್ನು ಬಿಟ್ಟು ಕಟ್ಟಿದವರನ್ನು ಮುಂದೆ ನಿಲ್ಲಿಸಬಾರದು. ನನ್ನ ಕಸಿವಿಸಿ ಅದೇ ಇತ್ತು. ‘ಮೇಜರ್’ ಈ ಶನಿವಾರ ನೋಡುತ್ತೇನೆ. ಮನೆಯಲ್ಲಿ ಹತ್ತು ವರ್ಷದ ಮಗಳಿದ್ದಾಳೆ, ಅದನ್ನು ಅವಳ ಜೊತೆ ನೋಡಬಹುದಾ?

ಯಲಹಂಕ ನ್ಯೂ ಟೌನ್:
‘ಮೇಜರ್’ ಮೊದಲು ನೀವೊಬ್ಬರೇ ನೋಡಿ, ದಾಳಿಯ ಭಾಗ ಗಟ್ಟಿಯಾಗಿದೆ. ‘ಹೋಟೆಲ್ ಮುಂಬೈ’ ಮಾತ್ರ ಈಗಲೇ ತೋರಿಸಲೇಬೇಡಿ.