ಬರ ಘೋಷಣೆಗೆ ಮೊದಲು ಸರ್ಕಾರ ಮಾಡಬೇಕಾದ ಕೆಲಸವೇನು?

ಪ್ರಶ್ನೆ: ಖುಷ್ಕಿಹೊಲ
2023ರ ಜುಲೈ ಮಳೆಯನ್ನು ನಂಬಿ ಶೇಂಗಾ ಬಿತ್ತಿದೆವು. ಆಗಸ್ಟ್ ಪೂರ್ತಿ ಒಣಗಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಮೊದಲ ಹಂತವಾಗಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸುವ ಹೊತ್ತಿಗೆ, ಗಿಡ ಕಿತ್ತು ನೋಡಿದರೆ ಎರಡು ಮೂರು ಜೊಳ್ಳು ಕಾಯಿಗಳಲ್ಲದೆ ಬೇರೇನೂ ಸಿಗುತ್ತಿರಲಿಲ್ಲ. ಘೋಷಣೆ ಇಷ್ಟು ತಡವಾಗುವುದೇಕೆ? ಅದಕ್ಕೆ ಮೊದಲೇ ಆಗಬೇಕಾದ ಕೆಲಸಗಳೆಂದು ಏನಾದರೂ ನಿಗದಿಯಾಗಿದೆಯೇ?

ಉತ್ತರ: ಮಳೆಲೆಕ್ಕ
ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆಯ ಕೊರತೆಯೊಂದೇ ಘೋಷಣೆಗೆ ಸಾಲದು. ಬಿತ್ತನೆಯಾದ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಕಾಣುವ ಬೆಳೆಯ ಹಸಿರು, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲದ ಮಟ್ಟ ಇವುಗಳನ್ನು ಪರಿಶೀಲಿಸಿ, ಕೊನೆಗೆ ಶೇ 10ರಷ್ಟು ಹಳ್ಳಿಗಳನ್ನು ಆರಿಸಿಕೊಂಡು ಅಧಿಕಾರಿಗಳು ಹೊಲಕ್ಕಿಳಿದು ಬೆಳೆ ನಷ್ಟವನ್ನು ಖಚಿತಪಡಿಸಬೇಕು. ಅಂದರೆ ಬೆಳೆ ಒಣಗಿದ್ದಕ್ಕೆ ಸಾಕ್ಷಿ ಸಿಗುವವರೆಗೆ ಬರವಿಲ್ಲ. ಪರಿಹಾರದ ಹಣ ಹಂಚಲು ಈ ಕ್ರಮ ಸರಿಯಿರಬಹುದು, ಆದರೆ ಸಿದ್ಧತೆಯನ್ನೂ ಇದಕ್ಕೇ ಕಟ್ಟಿಹಾಕಿರುವುದು ತಪ್ಪೆಂದು ನನ್ನ ಅಭಿಪ್ರಾಯ. ಬರ ಮೇಲ್ವಿಚಾರಣೆಗೆಂದೇ 1988ರಲ್ಲಿ ಪ್ರತ್ಯೇಕ ಘಟಕ ಸ್ಥಾಪಿಸಿದ ರಾಜ್ಯ ನಮ್ಮದು. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ. ಮಾಹಿತಿಗಂತೂ ಬರವಿಲ್ಲ.

ಉತ್ತರ: ಮೇವುಬಣವೆ
ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೌದು. ಜಿಲ್ಲಾವಾರು ಪರ್ಯಾಯ ಬೆಳೆ ಯೋಜನೆಗಳು ಸಿದ್ಧವಾಗಿಯೇ ಇವೆ. ಮುಂಗಾರು ಇಷ್ಟು ವಾರ ತಡವಾದರೆ ಶೇಂಗಾ ಬಿಟ್ಟು ನವಣೆ, ಸಜ್ಜೆ ಅಥವಾ ಹುರುಳಿ ಬಿತ್ತಿ ಎಂಬಂಥ ಸಲಹೆಗಳು ಅವುಗಳಲ್ಲಿವೆ. ಆದರೆ ನಮ್ಮ ಹೋಬಳಿಯಲ್ಲಿ ಆ ವರ್ಷ ಹುರುಳಿ ಬೀಜ ಕೇಳಲು ಹೋದಾಗ ರೈತ ಸಂಪರ್ಕ ಕೇಂದ್ರದಲ್ಲಿದ್ದದ್ದು ಶೇಂಗಾ ಮೂಟೆಗಳು ಮಾತ್ರ. ಬೀಜದ ದಾಸ್ತಾನಿಲ್ಲದ ಯೋಜನೆ ಕಾಗದವಷ್ಟೇ. ಮೇವಿನ ಕಥೆಯೂ ಹೀಗೆಯೇ. ಸುಗ್ಗಿಯಲ್ಲಿ ಹುಲ್ಲು ಅಗ್ಗವಿದ್ದಾಗ ಕೊಂಡು ಬಣವೆ ಹಾಕಿಸುವ ಬದಲು, ದನಗಳು ಸಂತೆಗೆ ಹೋದ ಮೇಲೆ ಮೇವು ಬ್ಯಾಂಕ್ ತೆರೆಯುತ್ತಾರೆ. (ಎತ್ತು ಮಾರಿದವನಿಗೆ ಮುಂದಿನ ವರ್ಷದ ಬಿತ್ತನೆಯೂ ಬಾಡಿಗೆ ಟ್ರ್ಯಾಕ್ಟರಿನದೇ.)

ಉತ್ತರ: ಮಳೆಲೆಕ್ಕ
ಬೀಜದ ಮಾತು ಒಪ್ಪಿದೆ. ಘೋಷಣೆಯ ನಂತರದ ಹಣಕ್ಕೇ ಕಾದು ಕೂರುವುದರ ಅಪಾಯವನ್ನೂ ಅದೇ ಬರ ತೋರಿಸಿತು: ಕೇಂದ್ರ ಸರ್ಕಾರದಿಂದ ರಾಜ್ಯ ಕೇಳಿದ್ದು ಸುಮಾರು 18,171 ಕೋಟಿ ರೂಪಾಯಿ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ನಂತರ, 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಖುಷ್ಕಿಹೊಲ ಅವರೇ, ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಕೆಲಸವೊಂದಿದೆ. ಪರಿಹಾರ ಪಾವತಿಗೆ ರೈತರ ಮತ್ತು ಅವರ ಜಮೀನಿನ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ಮಾಹಿತಿಯೇ ಆಧಾರವಾದ್ದರಿಂದ, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಪೂರ್ಣ ವಿಸ್ತೀರ್ಣದೊಂದಿಗೆ ಅದರಲ್ಲಿ ಸೇರಿವೆಯೇ ಎಂದು ಬಿತ್ತನೆಗೆ ಮೊದಲೇ ನೋಡಿಸಿಕೊಳ್ಳಿ.